ಮರುಭೂಮಿಯ ನದಿಯಲ್ಲಿ ಮಕ್ಕಳ ಜೊತೆ ಮೂರು ದಿನ: ಸ್ಯಾನ್ ವಾನ್ ರಾಫ್ಟಿಂಗ್‌ಗೆ ಹೊರಡುವ ಮುನ್ನ

ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿದವರಿಗೆ ಅದರ ಲೆಕ್ಕ ಗೊತ್ತಿರುತ್ತದೆ. ಸೂಪಾ ಅಣೆಕಟ್ಟೆಯಿಂದ ನೀರು ಬಿಡುವ ಹೊತ್ತಿಗೆ ಗಣೇಶಗುಡಿಯಲ್ಲಿ ಹಾಜರಿರಬೇಕು, ಲೈಫ್ ಜಾಕೆಟ್ ಬಿಗಿದುಕೊಳ್ಳಬೇಕು, ಒಂದೆರಡು ತಾಸು ನೀರಲ್ಲಿ ಕಳೆದು ಒದ್ದೆ ಬಟ್ಟೆ ಬದಲಿಸಿ ಊಟಕ್ಕೆ ಕೂರಬೇಕು. ಎರಡೂ ದಡದಲ್ಲಿ ಕಾಡಿನ ನೆರಳು ಇದ್ದೇ ಇರುತ್ತದೆ. ಅಮೆರಿಕದ ಯೂಟಾ ರಾಜ್ಯದ ಮರುಭೂಮಿ ಸೀಳಿಕೊಂಡು ಹೋಗುವ ಸ್ಯಾನ್ ವಾನ್ ನದಿಗೆ ಈ ಲೆಕ್ಕ ನಡೆಯುವುದಿಲ್ಲ. ಮೂರು ದಿನದ ಕುಡಿಯುವ ನೀರು, ಅಡುಗೆ ಸಾಮಾನು, ಹಾಸಿಗೆ, ಕಡೆಗೆ ಶೌಚದ ಡಬ್ಬಿ ಕೂಡ ದೋಣಿಯ ಮೇಲೇ ಹೋಗಬೇಕು.

ಫೀನಿಕ್ಸ್, ಡೆನ್ವರ್, ಸಾಲ್ಟ್ ಲೇಕ್ ಸಿಟಿಯ ಕಡೆ ನೆಲೆಸಿದ ಕನ್ನಡದ ಕುಟುಂಬಗಳು, ಬೇಸಿಗೆಗೆ ಊರಿಂದ ಬಂದ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಇಂಥ ಪ್ರವಾಸ ಹೋಗಬಹುದೇ ಎಂದು ವಿಚಾರಿಸುವಾಗ ಮೊದಲು ಕೇಳುವುದು ಸೆಳವಿನ ಬಗ್ಗೆ. ಸೆಳವಿನ ಚಿಂತೆಯನ್ನು ನುರಿತ ಗೈಡ್‌ಗೆ ಬಿಡಬಹುದು. ಮಕ್ಕಳ ಪ್ರವಾಸ ಹಾಳಾಗುವುದು ಬಿಸಿಲಿಗೆ, ಎದುರುಗಾಳಿಗೆ, ಮರಳಿಗೆ, ಬೆಳಿಗ್ಗೆ ಎರಡು ಗಂಟೆ ತಡವಾಗಿ ಹೊರಟದ್ದಕ್ಕೆ. ನಕ್ಷೆಯ ಮೈಲಿ ಎಣಿಸುವ ಮುಂಚೆ ಮಗುವಿನ ದಿನದ ಗಂಟೆಗಳನ್ನು ಎಣಿಸಬೇಕು.

ಮಕ್ಕಳಿಗೆ ಈ ನದಿಯನ್ನೇ ಹೇಳಲು ಕಾರಣವಿದೆ. ಬ್ಲಫ್ ಎಂಬ ಪುಟ್ಟ ಊರಿನ ಪಕ್ಕದ ಸ್ಯಾಂಡ್ ಐಲ್ಯಾಂಡ್‌ನಲ್ಲಿ ದೋಣಿ ಇಳಿಸಿದರೆ ಸುಮಾರು 27 ಮೈಲಿ ಕೆಳಗೆ ಮೆಕ್ಸಿಕನ್ ಹ್ಯಾಟ್‌ನಲ್ಲಿ ರಸ್ತೆ ಸಿಗುತ್ತದೆ. ನದಿ ಮೈಲಿಗೆ ಏಳೆಂಟು ಅಡಿಯಂತೆ ಇಳಿಯುವುದರಿಂದ ನೀರು ನಿಲ್ಲದೆ ಓಡುತ್ತದೆ. ಆದರೆ ಇಳಿಜಾರು ಉದ್ದಕ್ಕೂ ಹರಡಿಕೊಂಡಿರುವುದರಿಂದ ದೊಡ್ಡ ಧುಮುಕು ಇಲ್ಲ. ಫೋರ್ ಫುಟ್, ಎಯ್ಟ್ ಫುಟ್, ಲೆಡ್ಜ್ ಎಂಬ ಹೆಸರಿನ ಸೆಳವುಗಳು ಬರುತ್ತವೆ. ಒಂದರಿಂದ ಆರರ ಅಳತೆಯಲ್ಲಿ ಅವು ಎರಡು, ಹೆಚ್ಚೆಂದರೆ ಮೂರರ ದರ್ಜೆಯವು. ನೀರು ಜೋರಿದ್ದಾಗ ತಳದ ಮರಳು ಸರಿಯುತ್ತಾ ನಡುಹೊಳೆಯಲ್ಲಿ ಸಾಲು ಅಲೆ ಎದ್ದು, ಸ್ವಲ್ಪ ಹೊತ್ತಿಗೆ ತಾನಾಗಿ ಅಡಗುತ್ತದೆ. ಮಕ್ಕಳಿಗೆ ಇದೇ ಹಬ್ಬ.

ಮೆಕ್ಸಿಕನ್ ಹ್ಯಾಟ್‌ನಿಂದ ಕೆಳಗಿನ 57 ಮೈಲಿಯನ್ನು ಮೊದಲ ಸಲಕ್ಕೆ ಬೇಡ ಎನ್ನುತ್ತೇವೆ. ಕಣಿವೆ ಅದ್ಭುತವಾಗಿದೆ, ನದಿ ಹೆಬ್ಬಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಆದರೆ ಕ್ಲೇ ಹಿಲ್ಸ್ ತಲುಪುವವರೆಗೆ ರಸ್ತೆಯಿಲ್ಲ. ಮಗುವಿಗೆ ಎರಡನೇ ದಿನ ಜ್ವರ ಬಂದರೆ ಮುಂದಕ್ಕೆ ಹೋಗುವುದೊಂದೇ ದಾರಿ. ಕೊನೆಯ ಭಾಗದಲ್ಲಿ ಪೊವೆಲ್ ಜಲಾಶಯದ ಹೂಳಿನಿಂದಾಗಿ ಹೊಳೆ ಅಗಲವಾಗಿ ಹರಡಿ, ನೀರು ಕಡಿಮೆಯಿದ್ದಾಗ ದೋಣಿ ಮರಳುದಿಣ್ಣೆಗೆ ಕೂತುಬಿಡುತ್ತದೆ. ದೊಡ್ಡವರು ಇಳಿದು ಎಳೆಯಬೇಕಾಗುತ್ತದೆ.

27 ಮೈಲಿಯನ್ನು ಒಂದೇ ದಿನದಲ್ಲಿ ಮುಗಿಸುವವರೂ ಇದ್ದಾರೆ. ಮಕ್ಕಳಿದ್ದರೆ ಎರಡು ರಾತ್ರಿ, ಮೂರು ದಿನ ಇಟ್ಟುಕೊಳ್ಳಿ. ದಿನಕ್ಕೆ ಒಂಬತ್ತು ಮೈಲಿ ಅಂದರೆ ನೀರಿನ ಮೇಲೆ ಮೂರು ನಾಲ್ಕು ಗಂಟೆ. ಉಳಿದ ಹೊತ್ತು ಮಕ್ಕಳು ದಡದ ಕೆಸರಲ್ಲಿ ಆಡಲಿ. ಮೊದಲ ದಿನದ ದಾರಿಯಲ್ಲೇ ಬಟ್ಲರ್ ವಾಶ್ ಹತ್ತಿರ ಬಂಡೆಗೋಡೆಯ ಮೇಲೆ ಕೆತ್ತಿದ ಮನುಷ್ಯಾಕೃತಿಗಳ ಸಾಲು ಇದೆ. ಇನ್ನೂ ಸ್ವಲ್ಪ ಕೆಳಗೆ, ಬಂಡೆಯ ಚಾಚಿನ ಅಡಿಯಲ್ಲಿ ಪ್ಯುಬ್ಲೊ ಜನರ ಪೂರ್ವಿಕರು ಕಟ್ಟಿದ ಕಲ್ಲುಮನೆ, ರಿವರ್ ಹೌಸ್. ಎರಡಕ್ಕೂ ನಡಿಗೆ ಹೆಚ್ಚಿಲ್ಲ. ಕೆತ್ತನೆಯನ್ನು ಮುಟ್ಟಕೂಡದು, ಕೈಯ ಜಿಡ್ಡು ಕಲ್ಲಿಗೆ ಅಂಟಿ ಉಳಿಯುತ್ತದೆ. ಮಡಕೆ ಚೂರು ಕಂಡರೆ ನೋಡಿ ಅಲ್ಲೇ ಇಡಬೇಕು, ಜೇಬಿಗೆ ಹಾಕಿಕೊಂಡರೆ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಇದನ್ನು ದೋಣಿ ಇಳಿಯುವ ಮುಂಚೆಯೇ ಮಕ್ಕಳಿಗೆ ಹೇಳಿ. ಕೈಗೆ ತೆಗೆದುಕೊಂಡ ಮೇಲೆ ಹೇಳಿದರೆ ಅಳು ಶುರುವಾಗುತ್ತದೆ.

ತಿಂಗಳ ಆಯ್ಕೆಯಲ್ಲಿ ತಪ್ಪುವವರು ಬಹಳ. ಏಪ್ರಿಲ್, ಮೇ ತಿಂಗಳ ಮೊದಲ ಭಾಗದಲ್ಲಿ ಗಾಳಿಯ ಕಾಟ, ಜೊತೆಗೆ ಹಿಮ ಕರಗಿದ ತಣ್ಣೀರು. ಜೂನ್ ಕೊನೆಯಿಂದ ಜುಲೈವರೆಗೆ ಕಡುಬೇಸಿಗೆ, ನೆರಳಲ್ಲೂ 35 ಡಿಗ್ರಿ ದಾಟುತ್ತದೆ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯದೇ ಒಂದು ಮುಂಗಾರು: ಮಧ್ಯಾಹ್ನ ಮೋಡ ಕಟ್ಟಿ ಗುಡುಗಿ ಅರ್ಧ ಗಂಟೆ ಸುರಿದು ಹೋಗುತ್ತದೆ. ಶಾಲೆಯ ರಜೆಗೆ ಹೊಂದುವುದು ಜೂನ್ ಮೊದಲ ಎರಡು ವಾರ. ಅಷ್ಟರಲ್ಲಿ ನೀರೂ ಸಾಕಷ್ಟಿರುತ್ತದೆ. 1962ರಲ್ಲಿ ಮುಗಿದ ನವಾಹೊ ಅಣೆಕಟ್ಟು ಮೇಲೆ ನೀರು ಹಿಡಿದಿಟ್ಟರೂ, ಫಾರ್ಮಿಂಗ್ಟನ್ ಹತ್ತಿರ ಬಂದು ಸೇರುವ ಆನಿಮಸ್ ನದಿ ಕೊಲರಾಡೊ ಬೆಟ್ಟಗಳ ಹಿಮವನ್ನು ಹೊತ್ತು ತರುತ್ತದೆ. ಹರಿವನ್ನು ಅಮೆರಿಕದ ಭೂವಿಜ್ಞಾನ ಇಲಾಖೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂದು ಇಂಟರ್‌ನೆಟ್‌ನಲ್ಲಿ ಪ್ರಕಟಿಸುತ್ತಲೇ ಇರುತ್ತದೆ. 500ಕ್ಕಿಂತ ಕೆಳಗಿಳಿದರೆ ದೊಡ್ಡ ರಾಫ್ಟ್‌ಗೆ ತಿಣುಕಾಟ. 1,000ದಿಂದ 2,500ರ ನಡುವೆ ಇದ್ದರೆ ಮಕ್ಕಳಿರುವ ತಂಡಕ್ಕೆ ಹಿತ.

ಗೈಡ್ ಕಂಪನಿಗೆ ದುಡ್ಡು ಕಟ್ಟುವ ಮುಂಚೆ ಕೆಲವನ್ನು ಬಾಯಿಬಿಟ್ಟು ಕೇಳಿ. ಕೇಂದ್ರ ಭೂ ಇಲಾಖೆಯ ಪರವಾನಗಿ ಇದೆಯೇ? ನದಿಯ ಎಡದಂಡೆ ನವಾಹೊ ಜನರ ನಾಡು. ಅಲ್ಲಿ ಇಳಿಯುವುದಿದ್ದರೆ ಅವರ ಅನುಮತಿ ಬೇರೆಯೇ ಬೇಕು, ಅದನ್ನು ಪಡೆದಿದ್ದಾರೆಯೇ? ಗೈಡ್‌ಗಳಲ್ಲಿ ಎಷ್ಟು ಜನ ಆಸ್ಪತ್ರೆ ದೂರವಿರುವ ಜಾಗದ ಪ್ರಥಮ ಚಿಕಿತ್ಸೆ ಕಲಿತಿದ್ದಾರೆ? ಕಣಿವೆಯೊಳಗೆ ಮೊಬೈಲ್ ನೆಚ್ಚುವಂತಿಲ್ಲ, ಹಾಗಾಗಿ ಸ್ಯಾಟಲೈಟ್ ಫೋನ್ ಇದೆಯೇ? ಎಷ್ಟು ವಯಸ್ಸಿನ ಮಗುವನ್ನು ಹತ್ತಿಸಿಕೊಳ್ಳುತ್ತಾರೆ, ನೀರು ಎಷ್ಟು ಏರಿದರೆ ಆ ವಯಸ್ಸಿನ ಮಿತಿಯನ್ನು ಏರಿಸುತ್ತಾರೆ? ಈ ಕೊನೆಯ ಪ್ರಶ್ನೆಗೆ ತಡಬಡಿಸದೆ ಒಂದು ಸಂಖ್ಯೆ ಹೇಳುವವರನ್ನು ನಂಬಬಹುದು. ‘ನೋಡೋಣ, ಏನೂ ಆಗಲ್ಲ’ ಎನ್ನುವವರನ್ನು ಬಿಡಿ.

ದೋಣಿಯಲ್ಲೂ ಬಗೆ ಇದೆ. ಉದ್ದನೆಯ ಹುಟ್ಟು ಹಿಡಿದು ಗೈಡ್ ಒಬ್ಬರೇ ನಡೆಸುವ, ಸಾಮಾನು ಹೇರಿದ ರಾಫ್ಟ್‌ನಲ್ಲಿ ಚಿಕ್ಕ ಮಕ್ಕಳೂ ಹಿರಿಯರೂ ಕೂರಲಿ. ಹತ್ತು ಹನ್ನೆರಡು ದಾಟಿದವರು ಎಲ್ಲರೂ ಸೇರಿ ಹುಟ್ಟು ಹಾಕುವ ರಾಫ್ಟ್‌ಗೆ ಹೋಗಬಹುದು. ಗಾಳಿ ತುಂಬಿದ ಕಯಾಕ್ ಒಂದೆರಡು ಜೊತೆಗಿದ್ದರೆ ಹದಿಹರೆಯದವರಿಗೆ ಬೇಸರವೇ ಬರುವುದಿಲ್ಲ.

ಲೈಫ್ ಜಾಕೆಟ್‌ನ ವಿಷಯದಲ್ಲಿ ಸಡಿಲ ಬಿಡಬೇಡಿ. ಮಕ್ಕಳ ಜಾಕೆಟ್ಟನ್ನು ವಯಸ್ಸು ನೋಡಿ ಕೊಡುವುದಲ್ಲ, ತೂಕ ನೋಡಿ. 14ರಿಂದ 23 ಕಿಲೋವರೆಗೆ ಒಂದು ಅಳತೆ, 23ರಿಂದ 41ರವರೆಗೆ ಇನ್ನೊಂದು. ಮಗುವಿನ ತೂಕವನ್ನು ಹೊರಡುವ ವಾರ ಮತ್ತೆ ನೋಡಿ ಕಂಪನಿಗೆ ತಿಳಿಸಿ. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿದ ಮೇಲೆ, ಭುಜದ ಪಟ್ಟಿ ಹಿಡಿದು ಮಗುವನ್ನು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಮೇಲೆ ಸರಿದು ಗಲ್ಲ, ಕಿವಿ ಮುಚ್ಚಿದರೆ ಅದು ಸಡಿಲ. ಚಿಕ್ಕವರ ಜಾಕೆಟ್‌ಗೆ ತೊಡೆಸಂದಿನ ಪಟ್ಟಿ ಇರಲೇಬೇಕು. ನೀರಿಗೆ ಬಿದ್ದರೆ ಅಂಗಾತ ಮಲಗಿ, ಪಾದ ಮೇಲೆತ್ತಿ, ಹರಿವಿನ ಕಡೆಗೆ ಚಾಚಬೇಕು. ಮೊಣಕಾಲುದ್ದ ನೀರಾದರೂ ಓಡುವ ಹೊಳೆಯಲ್ಲಿ ಎದ್ದು ನಿಲ್ಲಲು ಹೋಗಬಾರದು. ಪಾದ ಕಲ್ಲಿನ ಸಂದಿಗೆ ಸಿಕ್ಕರೆ ನೀರು ಮೈಯನ್ನು ಮುಂದಕ್ಕೆ ಮುಗ್ಗರಿಸಿ ಒತ್ತಿ ಹಿಡಿಯುತ್ತದೆ. ಇದನ್ನು ಮನೆಯ ಚಾಪೆಯ ಮೇಲೇ ಒಂದೆರಡು ಸಲ ಆಟದಂತೆ ಮಾಡಿಸಿ.

ದೋಣಿಯಲ್ಲಿ ಸೀರೆ, ದುಪಟ್ಟ ಬೇಡ, ಹಗ್ಗಕ್ಕೋ ಕೊಂಬೆಗೋ ಸುತ್ತಿಕೊಳ್ಳುತ್ತವೆ. ಉದ್ದ ಸರವನ್ನು ಬಟ್ಟೆಯೊಳಗೆ ಸೇರಿಸಿಕೊಳ್ಳಲಿ. ತೋಳು ಮುಚ್ಚುವ ತೆಳು ಅಂಗಿ, ಗಲ್ಲದ ಕೆಳಗೆ ಕಟ್ಟುವ ಅಗಲ ಟೋಪಿ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ, ಕನ್ನಡಕಕ್ಕೆ ದಾರ. ಹವಾಯಿ ಚಪ್ಪಲಿ ಮೊದಲ ಕೆಸರಲ್ಲೇ ಉಳಿದುಹೋಗುತ್ತದೆ, ಮಧ್ಯಾಹ್ನದ ಮರಳಿನ ಮೇಲೆ ಬರಿಗಾಲಲ್ಲಿ ಓಡಿದ ಮಗುವಿನ ಅಂಗಾಲು ಬೊಬ್ಬೆ ಏಳುತ್ತದೆ.

ಇನ್ನು ನೀರು. ಹೊಳೆಯ ನೀರು ಮೊದಲ ಮಳೆಯ ಕೆಮ್ಮಣ್ಣು ನೀರಿನ ಹಾಗೆ, ಸೋಸುವ ಯಂತ್ರ ಸ್ವಲ್ಪ ಹೊತ್ತಲ್ಲೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಕುಡಿಯುವ ನೀರನ್ನು ಊರಿಂದಲೇ ಹೊರಬೇಕು: ಅಡುಗೆಯೂ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್. ಎಂಟು ಜನಕ್ಕೆ ಮೂರು ದಿನ ಅಂದರೆ 96 ಲೀಟರ್, ಮೇಲೆ ಅಷ್ಟರ ಕಾಲು ಭಾಗ ಹೆಚ್ಚುವರಿ. ಪಾತ್ರೆ ತೊಳೆಯಲು ಹೊಳೆ ನೀರೇ. ಬಕೆಟ್‌ನಲ್ಲಿ ಪಟಿಕ ಕದಡಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ, ನಮ್ಮ ಹಳ್ಳಿಗಳಲ್ಲಿ ಮಳೆಗಾಲದ ನೀರಿಗೆ ಮಾಡುತ್ತಿದ್ದ ಹಾಗೆಯೇ. ಒಣಗಾಳಿಯಲ್ಲಿ ಬೆವರು ಕಾಣುವುದೇ ಇಲ್ಲ, ಮಕ್ಕಳು ಬಾಯಾರಿಕೆ ಎನ್ನುವ ಹೊತ್ತಿಗೆ ತಡವಾಗಿರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಿ. ಬರೀ ನೀರನ್ನೇ ಸುರಿದರೆ ರಕ್ತದ ಉಪ್ಪು ಇಳಿದು ತಲೆನೋವು, ವಾಕರಿಕೆ ಬರುತ್ತದೆ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್, ಉಪ್ಪಿನ ಕುರುಕಲು ಇರಲಿ. ಮೂತ್ರ ಗಾಢ ಹಳದಿಯಾದರೆ, ಅಥವಾ ಮಗು ಬೆಳಗಿನಿಂದ ಹೋಗೇ ಇಲ್ಲವಾದರೆ ದೋಣಿ ನೆರಳಿಗೆ ಕಟ್ಟಿಸಿ.

ಊಟ ಗೈಡ್‌ಗಳೇ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಆದರೆ ‘ವೆಜಿಟೇರಿಯನ್’ ಎಂದಷ್ಟೇ ಬರೆದುಕೊಟ್ಟರೆ ಸಾಲದು. ಕೋಳಿ ರಸದಲ್ಲಿ ಬೇಯಿಸಿದ ಅನ್ನ, ಹಂದಿ ಕೊಬ್ಬು ಹಾಕಿದ ಬೀನ್ಸ್ ಪೇಸ್ಟ್, ಜೆಲಟಿನ್ ಇರುವ ಮಾರ್ಷ್‌ಮೆಲೋ, ಮಾಂಸ ಸುಟ್ಟ ಜಾಲರಿಯ ಮೇಲೇ ತರಕಾರಿ: ಈ ನಾಲ್ಕನ್ನು ಹೆಸರಿಟ್ಟು ಬೇಡವೆನ್ನಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ, ಗಾಜು ಬೇಡ. ಕುರುಕಲಿನ ಚೀಲಕ್ಕೆ ಯಾರೂ ಕೈ ಹಾಕಬಾರದು, ಅಂಗೈಗೆ ಸುರಿದುಕೊಡಬೇಕು. ಒಬ್ಬರ ಹೊಟ್ಟೆ ಕೆಟ್ಟರೆ ಮರುದಿನ ಇಡೀ ಬಿಡಾರಕ್ಕೆ ಹರಡುತ್ತದೆ. ವಾಂತಿಭೇದಿಯ ನೊರೊವೈರಸ್‌ಗೆ ಸ್ಯಾನಿಟೈಜರ್ ನೆಚ್ಚಿಕೊಳ್ಳುವಂತಿಲ್ಲ, ಸೋಪು ಹಚ್ಚಿಯೇ ತೊಳೆಯಬೇಕು.

ಶೌಚದ ನಿಯಮ ನಮ್ಮವರಿಗೆ ವಿಚಿತ್ರ ಅನ್ನಿಸುತ್ತದೆ. ಮಲವನ್ನು ಸೀಟು ಇಟ್ಟ ಲೋಹದ ಡಬ್ಬಿಯಲ್ಲಿ ಕೂಡಿಸಿ, ದೋಣಿಯಲ್ಲೇ ಹೊತ್ತು ಹೊರಗೆ ತರಬೇಕು. ಮೂತ್ರವನ್ನು ಮಾತ್ರ ಹೊಳೆಗೇ ಬಿಡಬೇಕು. ಮಳೆಯೇ ಇಲ್ಲದ ಮರಳಿಗೆ ಬಿಟ್ಟರೆ ತಿಂಗಳಾದರೂ ತೊಳೆದು ಹೋಗದೆ ಬಿಡಾರವೆಲ್ಲ ನಾರುತ್ತದೆ. ನದಿಯನ್ನು ತಾಯಿ ಎನ್ನುವ ಅಜ್ಜಿಗೆ ಇದು ಸುಲಭವಲ್ಲ. ಬ್ಲಫ್ ತಲುಪುವ ಮೊದಲೇ ಕಾರಣ ಸಮೇತ ನಿಧಾನವಾಗಿ ಹೇಳಿ, ರಾತ್ರಿಗೆ ಮುಚ್ಚಳದ ಬಕೆಟ್ ಒಂದನ್ನು ಡೇರೆಯ ಬಳಿ ಇಡಿ.

ಹಿರಿಯರಿಗೆ ಕಷ್ಟವಾಗುವುದು ದೋಣಿ ಹತ್ತಿಳಿಯುವಾಗ. ರಬ್ಬರಿನ ಅಂಚು ಒದ್ದೆಯಾದರೆ ಜಾರುತ್ತದೆ, ದಡ ಕೆಸರು. ಮೊದಲು ಅಂಚಿನ ಮೇಲೆ ಕೂತು, ಆಮೇಲೆ ಕಾಲು ತಿರುಗಿಸಿ ಇಳಿಸುವುದು ಸರಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಹೊರಡಲಿ. ಇನ್ಸುಲಿನ್ ಐಸ್‌ಗೆ ನೇರವಾಗಿ ತಾಗಬಾರದು, ಹೆಪ್ಪುಗಟ್ಟಿದರೆ ಕೆಟ್ಟಿತು. ಬಟ್ಟೆ ಸುತ್ತಿ, ನೀರು ಹೋಗದ ಡಬ್ಬಿಯಲ್ಲಿಟ್ಟು ಕೂಲರ್‌ನ ಮೇಲ್ಭಾಗದಲ್ಲಿ ಇಡಿ.

ಇಲ್ಲಿ ಮಧ್ಯಾಹ್ನವಾಗುತ್ತಲೇ ಗಾಳಿ ಹೊಳೆಗೆ ಎದುರಾಗಿ ಬೀಸುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಎಂಟಕ್ಕೆ ನೀರಿಗಿಳಿದು ಒಂದರೊಳಗೆ ಬಿಡಾರ ಸೇರುವಂತೆ ಯೋಜಿಸಿ. ಒಣಹಳ್ಳ ಹೊಳೆಗೆ ಸೇರುವ ಬಾಯಲ್ಲಿ ಡೇರೆ ಹಾಕಬಾರದು. ನಿಮ್ಮ ತಲೆಯ ಮೇಲೆ ನಕ್ಷತ್ರ ಹೊಳೆಯುತ್ತಿದ್ದರೂ ಇಪ್ಪತ್ತು ಮೈಲಿ ಆಚೆ ಸುರಿದ ಮಳೆ ಆ ಹಳ್ಳದಲ್ಲಿ ಬಂಡೆಗಳನ್ನು ಉರುಳಿಸಿಕೊಂಡು ಬರಬಹುದು. ಮರಳಲ್ಲಿ ಗೂಟ ನಿಲ್ಲದು, ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಹೂಳಿದರೆ ನಿಲ್ಲುತ್ತದೆ. ಬೆಳಿಗ್ಗೆ ಚಪ್ಪಲಿ ಕೊಡವಿಯೇ ಹಾಕಿಕೊಳ್ಳಿ, ಚೇಳು ಇರುವ ನೆಲ. ಎರಡನೇ ದಿನಕ್ಕೆ ಎಲ್ಲರ ಹಿಮ್ಮಡಿ, ಬೆರಳ ತುದಿ ಒಡೆಯಲು ಶುರು. ರಾತ್ರಿ ಕಾಲು ತೊಳೆದು ಒರೆಸಿ, ಕೊಬ್ಬರಿ ಎಣ್ಣೆಯೋ ಪೆಟ್ರೋಲಿಯಂ ಜೆಲ್ಲಿಯೋ ಹಚ್ಚಿ ಸಾಕ್ಸ್ ಹಾಕಿ ಮಲಗಿದರೆ ಬೆಳಗಿಗೆ ಹಿತ.

ಫೀನಿಕ್ಸ್ ಕಡೆಯಿಂದ ಬರುವವರು ಗಡಿಯಾರ ಮರೆಯುತ್ತಾರೆ. ಬೇಸಿಗೆಯಲ್ಲಿ ಯೂಟಾ ಸಮಯ ಅರಿಜೋನಾಗಿಂತ ಒಂದು ಗಂಟೆ ಮುಂದೆ. ದಾರಿಯಲ್ಲಿ ಸಿಗುವ ನವಾಹೊ ನಾಡಿನಲ್ಲೂ ಯೂಟಾದ ಸಮಯವೇ ನಡೆಯುತ್ತದೆ. ಹಿಂದಿನ ರಾತ್ರಿಯೇ ಬ್ಲಫ್‌ನಲ್ಲಿ ತಂಗಿ. ಕಾರನ್ನು ಮೆಕ್ಸಿಕನ್ ಹ್ಯಾಟ್‌ಗೆ ಕಂಪನಿಯವರೇ ತಂದಿಡುತ್ತಾರೆಯೇ, ನಿಮ್ಮನ್ನೇ ವ್ಯಾನಲ್ಲಿ ಬ್ಲಫ್‌ಗೆ ಮರಳಿ ಬಿಡುತ್ತಾರೆಯೇ ಎಂದು ಕೇಳಿಟ್ಟುಕೊಂಡು, ಅದಕ್ಕೆ ತಕ್ಕಂತೆ ಕಾರಿನ ಡಿಕ್ಕಿಯಲ್ಲಿ ಹತ್ತು ಲೀಟರ್ ನೀರು, ಎಲ್ಲರಿಗೂ ಒಂದೊಂದು ಜೊತೆ ಒಗೆದ ಬಟ್ಟೆ, ಒಂದು ಹಳೆಯ ಬೆಡ್‌ಶೀಟ್ ಬಿಟ್ಟು ಹೋಗಿ. ಮೂರನೇ ದಿನ ಕೆಂಪು ಮಣ್ಣು ಮೆತ್ತಿದ ಮಕ್ಕಳು ಕಾರು ಹತ್ತಿದ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಾರೆ. ಸ್ಟಿಯರಿಂಗ್ ಹಿಡಿದವರಿಗೂ ಅಷ್ಟೇ ನಿದ್ದೆ ಬರುತ್ತಿರುತ್ತದೆ, ಆ ರಾತ್ರಿಗೂ ಹತ್ತಿರದಲ್ಲೇ ಒಂದು ಕೋಣೆ ಕಾದಿರಿಸಿ.