ಕುಂಚ ಎಳೆಯದ ಗೆರೆ: ಲಿಯು ಗುವೊಸೊಂಗ್ ಅವರ ಮಸಿ ಚಿತ್ರಗಳು

ಈಗಿನ ಚೀನೀ ಮಸಿ ಚಿತ್ರದ ಬಗ್ಗೆ ಬರೆಯುವಾಗ 'ಪರಂಪರೆ ಮತ್ತು ಪಶ್ಚಿಮದ ಅಮೂರ್ತ ಕಲೆ ಬೆರೆತಿವೆ' ಎಂದು ಸುಮ್ನೆ ಬರೆದುಬಿಡುತ್ತೇವೆ. ಅಮೂರ್ತ ಅಂದರೆ ಯಾವ ವಸ್ತುವಿನ ರೂಪವನ್ನೂ ನೇರವಾಗಿ ತೋರಿಸದ ಕಲೆ. ಬೆರೆತದ್ದು ಹೇಗೆ? ಒಬ್ಬ ಕಲಾವಿದರನ್ನು ಹಿಡಿದು ನೋಡಿದರೆ ಇದು ಬೇಗ ತಿಳಿಯುತ್ತದೆ.

ಲಿಯು ಗುವೊಸೊಂಗ್ 1932ರಲ್ಲಿ ಚೀನಾದ ಆನ್‌ಹುಯಿ ಪ್ರಾಂತ್ಯದಲ್ಲಿ ಹುಟ್ಟಿದರು. 1949ರಲ್ಲಿ ತೈವಾನ್‌ಗೆ ಬಂದರು. ತೈಪೆಯಲ್ಲಿ ಓದುವಾಗ ಅವರಿಗೆ ಪಶ್ಚಿಮದ ಕಲೆಯ ಹುಚ್ಚು. ಗೆಳೆಯರ ಜೊತೆ ಕಟ್ಟಿದ 'ಐದನೇ ತಿಂಗಳು' ಬಳಗದ ಮೊದಲ ಪ್ರದರ್ಶನ ನಡೆದದ್ದು 1957ರ ಮೇ ತಿಂಗಳಲ್ಲಿ. 1960ರ ದಶಕದ ಶುರುವಿನಲ್ಲಿ ಅವರು ಎಣ್ಣೆಬಣ್ಣ ಬಿಟ್ಟು ಮಸಿಗೆ ಮರಳಿದರು. ಹಳೆಯದರ ಬದಲು ಹೊಸದನ್ನು ನಕಲು ಮಾಡಿದರೂ ಅದು ನಕಲೇ, ಚೀನಾದ ಬದಲು ಪಶ್ಚಿಮದಿಂದ ಕದ್ದರೂ ಅದು ಕಳವೇ ಎಂಬುದು ಅವರ ವಾದ.

ಅವರು ಮುರಿದದ್ದು ಏನನ್ನು ಎಂದು ತಿಳಿಯಲು ಎರಡು ವಿಷಯ ಗೊತ್ತಿರಬೇಕು. ಮೊದಲನೆಯದು 'ಜೊಂಗ್‌ಫೆಂಗ್'. ಕುಂಚವನ್ನು ನೆಟ್ಟಗೆ ಹಿಡಿದು, ಅದರ ತುದಿ ಗೆರೆಯ ನಡುವೆಯೇ ಸಾಗುವಂತೆ ಎಳೆಯುವ ಕ್ರಮ ಇದು. ಅಕ್ಷರ ಬರೆಯುವ ಕಲೆಯಿಂದ ಬಂದ ಈ ಪಳಗಿಕೆ ಚಿತ್ರಕ್ಕೂ ಅಳತೆಗೋಲಾಯಿತು. ಎರಡನೆಯದು 'ತ್ಸುನ್', ಅಂದರೆ ಬಂಡೆ, ಬೆಟ್ಟಗಳ ಮೈ ತೋರಿಸುವ ಗೆರೆಗಳು. ಅದರಲ್ಲಿ ಸೆಣಬಿನ ಎಳೆ, ಕೊಡಲಿ ಏಟು ಹೀಗೆ ಹಲವು ಬಗೆ. ಸುಮಾರು ಸಾವಿರ ವರ್ಷದ ಹಿಂದಿನ ಚೀನೀ ಚಿತ್ರಕಾರ ಫಾನ್ ಕುವಾನ್‌ನ ಬೆಟ್ಟದ ಚಿತ್ರದಲ್ಲಿ ಅಂಗೈಯಗಲದ ಜಾಗ ಮಾತ್ರ ನೋಡಿ. ಬೆಟ್ಟ ಮಾಯವಾಗಿ ಬರೀ ಮಸಿಯ ಗುರುತುಗಳು ಉಳಿಯುತ್ತವೆ. ಅದೂ ಅಮೂರ್ತವೇ ಅಲ್ವಾ?

ಲಿಯು ಅವರು 'ತ್ಸುನ್' ಅನ್ನು ಉಳಿಸಿಕೊಂಡರು, ಜೊಂಗ್‌ಫೆಂಗ್ ವಿರುದ್ಧ ಕ್ರಾಂತಿ ಸಾರಿದರು. ಅದಕ್ಕಾಗಿ ಮೇಲ್ಮೈಯಲ್ಲಿ ಒರಟು ನಾರು ಇರುವ ದಪ್ಪ ಕಾಗದವನ್ನು ಮಾಡಿಸಿಕೊಂಡರು. ಅದರ ಮೇಲೆ ದೊಡ್ಡ ಕುಂಚದಿಂದ ಮಸಿ ಬಳಿದು, ಆಮೇಲೆ ಹುರುಳಿಕಾಯಿ ನಾರು ಬಿಡಿಸಿದಂತೆ ಎಳೆಗಳನ್ನು ಕಿತ್ತರು. ಎಳೆ ಮುಚ್ಚಿದ್ದ ಕಡೆ ಮಸಿ ಇಳಿದಿರುವುದಿಲ್ಲ, ಹಾಗಾಗಿ ಅಲ್ಲಿ ಬಿಳಿ ಗೆರೆ ಮೂಡುತ್ತದೆ. ಈ ವಿಧಾನಕ್ಕೆ ಅವರಿಟ್ಟ ಹೆಸರು 'ನರ ಎಳೆದು ಚರ್ಮ ಸುಲಿಯುವ ತ್ಸುನ್'. ತಮಾಷೆಯ ಹೆಸರಾದರೂ ಹಳೆಯ ಪಟ್ಟಿಗೇ ಒಂದು ಹೊಸ ಬಗೆ ಸೇರಿಸುವ ಹಟ ಅದರಲ್ಲಿ ಕಾಣುತ್ತದೆ. ನನಗೆ ಇದೇ ಅವರ ಎಲ್ಲಕ್ಕಿಂತ ಗಟ್ಟಿ ಕೆಲಸ ಅನ್ನಿಸುತ್ತದೆ. ಕಪ್ಪು ಗೆರೆಯನ್ನು ಕೈ ಎಳೆಯುತ್ತದೆ. ಈ ಬಿಳಿ ಗೆರೆಯಲ್ಲಿ ಕೈಗೆ ಅರ್ಧ ಪಾಲು, ಕಾಗದಕ್ಕೆ ಅರ್ಧ ಪಾಲು.

ಚಂದ್ರನನ್ನು ಸುತ್ತಿದ ಅಪೋಲೋ 8 ನೌಕೆಯಿಂದ 1968ರ ಡಿಸೆಂಬರ್‌ನಲ್ಲಿ ತೆಗೆದ ಭೂಮಿಯ ಫೋಟೋ ನೋಡಿ, 1969ರಲ್ಲಿ ಅವರು ಬಾಹ್ಯಾಕಾಶದ ಚಿತ್ರಗಳನ್ನು ಶುರು ಮಾಡಿದರು. ಮೇಲೆ ಅಂಟಿಸಿದ ದುಂಡು ಕಾಗದ, ಕೆಳಗೆ ಮಸಿಯ ಕಮಾನು. ಹೆಚ್ಚು ಹೆಸರಾದದ್ದು ಇವೇ, ಆದರೆ ದುಂಡಿನ ಅಂಚು ತೀರಾ ಅಚ್ಚುಕಟ್ಟು ಅನ್ನಿಸುತ್ತದೆ.

ಈ ಬೆರೆತದ ಬಗ್ಗೆ ಬರೆಯುವಾಗ ಎಲ್ಲ ಕಲಾವಿದರನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡಿ. 1948ರಲ್ಲಿ ಪ್ಯಾರಿಸ್ ಸೇರಿದ ಚೀನೀ ಮೂಲದ ಚಿತ್ರಕಾರ ಝಾವೋ ವೂಕಿ ಅವರ ಮುಖ್ಯ ಕೆಲಸ ಎಣ್ಣೆಬಣ್ಣದ್ದು. ಅಲ್ಲೇ ಓದಿ 1950ರಲ್ಲಿ ಚೀನಾಕ್ಕೆ ಮರಳಿದ ಚಿತ್ರಕಾರ ವು ಗುವಾನ್‌ಜೊಂಗ್ ಅವರು ಗಾಳಿಪಟ ಎಷ್ಟೇ ಮೇಲೆ ಹೋದರೂ ದಾರ ಕಡಿಯಬಾರದು ಅಂದವರು. ಹಾಗಾಗಿ ಅವರ ಚಿತ್ರಗಳಲ್ಲಿ ಗೋಡೆ, ಮರ, ನೀರನ್ನು ಸಾಮಾನ್ಯವಾಗಿ ಗುರುತಿಸಬಹುದು.