ಹಸಿರುಮನೆ ದಾಟದ ಗಿಡಗಳು

ಬೆಂಗಳೂರಿನಲ್ಲಿ ಸಸ್ಯ ಜೈವಿಕ ತಂತ್ರಜ್ಞಾನವನ್ನೇ ನೆಚ್ಚಿ ಬದುಕು ಕಟ್ಟಿಕೊಂಡ ಅನೇಕರು, ತಾವು ರೂಪಿಸಿದ ಗಿಡವನ್ನು ರೈತರ ಹೊಲದಲ್ಲಿ ಒಮ್ಮೆಯೂ ನೋಡದೆ ನಿವೃತ್ತಿಯ ಹೊಸ್ತಿಲಿಗೆ ಬಂದಿದ್ದಾರೆ. ಬೇರೆ ಜೀವಿಯ ವಂಶವಾಹಿ ಸೇರಿಸಿದ ಕುಲಾಂತರಿ ಬೆಳೆಗಳ ವಿವಾದದ ಈ ಮಗ್ಗುಲು ಹೆಚ್ಚಾಗಿ ಚರ್ಚೆಗೆ ಬರುವುದಿಲ್ಲ.

1964ರಲ್ಲಿ ಕೃಷಿ ವಿಶ್ವವಿದ್ಯಾಲಯ, ಆಮೇಲೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, 1986ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ. ಅಲ್ಲಿಗೆ ನೆಲ ಹದವಾಗಿತ್ತು. ಗಿಡದ ಚೂರಿನಿಂದ ಪ್ರಯೋಗಾಲಯದಲ್ಲಿ ಬೆಳೆಸಿದ, ಅಂಗಾಂಶ ಕೃಷಿಯ ಬಾಳೆ ಸಸಿಗಳನ್ನು ರೈತರು ತಕರಾರಿಲ್ಲದೆ ಒಯ್ದರು. ಅದರಲ್ಲಿ ಹೊರಗಿನ ವಂಶವಾಹಿ ಇರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಾನು ಇಲ್ಲಿನ ಸಸ್ಯ ಜೈವಿಕ ತಂತ್ರಜ್ಞಾನದ ಪ್ರಯೋಗಾಲಯವೊಂದರಲ್ಲಿ ವಿದ್ಯಾರ್ಥಿ. ಮೊದಲ ಪಾಠ ತಂಬಾಕಿನ ಎಲೆ. ಅದನ್ನು ಚೂರು ಮಾಡಿ, ಅಗ್ರೋಬ್ಯಾಕ್ಟೀರಿಯಂ ಬೆಳೆದ ದ್ರವದಲ್ಲಿ ಅದ್ದಿ ತೆಗೆಯಬೇಕು. ಈ ಮಣ್ಣಿನ ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ತುಣುಕನ್ನು ಗಿಡದೊಳಗೆ ತೂರಿಸಿ ಗಂಟು ಬರಿಸುತ್ತದೆ. ಆ ತುಣುಕಿನಿಂದ ಗಂಟು ಬರಿಸುವ ಭಾಗವನ್ನು ತೆಗೆದು ನಮಗೆ ಬೇಕಾದ ವಂಶವಾಹಿಯನ್ನು, ಜೊತೆಗೆ ಕನಮೈಸಿನ್ ಎಂಬ ಪ್ರತಿಜೈವಿಕವನ್ನು ತಾಳುವ ವಂಶವಾಹಿಯನ್ನು ಅಲ್ಲಿ ಕೂರಿಸಿರುತ್ತಾರೆ. ಎರಡು ದಿನದ ಬಳಿಕ ಚೂರುಗಳನ್ನು ಕನಮೈಸಿನ್ ಬೆರೆಸಿದ ಅಗರ್ ಎಂಬ ಲೋಳೆಗಟ್ಟಿದ ಪೋಷಕದ ಮೇಲೆ ಜೋಡಿಸುತ್ತಿದ್ದೆವು. ವಂಶವಾಹಿ ಕೂರದ ಕೋಶಗಳು ಬಿಳಿಚಿ ಸಾಯುತ್ತಿದ್ದವು. ವಾರಗಳು ಕಳೆದ ಮೇಲೆ, ಬಿಳಿಚಿದ ಅಂಚಿನಲ್ಲಿ ಸಾಸಿವೆಯಷ್ಟು ಹಸಿರು. ಅದನ್ನು ಕಂಡ ದಿನ ಊಟ ಮರೆತಿದ್ದೆ. ಮುಂದಿನ ವಾರ ಅದಕ್ಕೇ ಬೂಷ್ಟು ಹಿಡಿಯಿತು.

ಅದೇ ಕಾಲಕ್ಕೆ, 1998ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಮೆರಿಕದ ಬೀಜ ಕಂಪನಿ ಮಾನ್ಸಾಂಟೊ ಸಂಶೋಧನಾ ಕೇಂದ್ರ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ರಾಯಚೂರು, ಬಳ್ಳಾರಿ ಕಡೆ, ಕಾಯಿಕೊರಕ ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾ ವಂಶವಾಹಿ ಸೇರಿಸಿದ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಿತು. ರೈತರು ಕೇಳಿದ್ದು ಬೀಜದ ಒಡೆತನ ಯಾರದೆಂದು. ಪ್ರಯೋಗಾಲಯಗಳು ಕೊಟ್ಟ ಉತ್ತರವೆಲ್ಲ ಸುರಕ್ಷತೆಯ ಕುರಿತದ್ದು. ಎರಡೂ ಕಡೆ ಪ್ರಾಮಾಣಿಕರಿದ್ದರು, ಆದರೆ ಮಾತು ಕೂಡಲಿಲ್ಲ.

2000ದಲ್ಲಿ ಕೆಲವು ವಿಜ್ಞಾನಿಗಳು ಬಹುರಾಷ್ಟ್ರೀಯ ಕಂಪನಿಯ ಕೆಲಸ ಬಿಟ್ಟು ಇಲ್ಲೇ ಮೆಟಾಹೆಲಿಕ್ಸ್ ಎಂಬ ಬೀಜ ತಂತ್ರಜ್ಞಾನ ಕಂಪನಿ ಕಟ್ಟಿದರು. ಅವರದೇ ಬಿಟಿ ಹತ್ತಿಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಕಂಪನಿ ಟಾಟಾ ಸಮೂಹದ ರ‍್ಯಾಲಿಸ್‌ನ ತೆಕ್ಕೆಗೆ ಬಂತು. ಇಲ್ಲಿನ ವಿಜ್ಞಾನಿಗಳ ಗಿಡ ಹೊಲ ಮುಟ್ಟಿದ ಅಪರೂಪದ ಪ್ರಸಂಗವಿದು.

ಬಿಟಿ ಬದನೆಯ ಕಥೆ ಬೇರೆಯಾಯಿತು. ಅದನ್ನು ಬೆಳೆಯಲು ಬಿಡಬೇಕೇ ಎಂಬ ಕುರಿತ ಸಾರ್ವಜನಿಕ ಸಭೆಗಳ ಸರಣಿ 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಮುಗಿಯಿತು, 9ರಂದು ಕೇಂದ್ರ ಅದಕ್ಕೆ ತಡೆ ಹಾಕಿತು. 2011ರಿಂದ ಕುಲಾಂತರಿ ಗಿಡಗಳ ಕ್ಷೇತ್ರ ಪ್ರಯೋಗಕ್ಕೆ ರಾಜ್ಯದ ನಿರಾಕ್ಷೇಪಣಾ ಪತ್ರವೂ ಬೇಕಾಯಿತು. ಪತ್ರವಿಲ್ಲದ ಗಿಡ ಹಸಿರುಮನೆಯಲ್ಲೇ ಹೂಬಿಟ್ಟು, ಪ್ರಯೋಗ ಮುಗಿದ ಮೇಲೆ ನಿಯಮದಂತೆ ನಾಶವಾಗುತ್ತದೆ. ಗೆಳೆಯರೊಬ್ಬರು ಐದು ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ, ಬಿಸಿ ಹಬೆಯಿಂದ ಜೀವಾಣು ಕೊಲ್ಲುವ ಆಟೋಕ್ಲೇವ್‌ಗೆ ಹಾಕಿದ್ದನ್ನು ಕಂಡಿದ್ದೇನೆ. ಅವರು ಬೀಜ ಪರೀಕ್ಷೆಯ ಕೆಲಸಕ್ಕೆ ಹೋದರು. ಇನ್ನು ಕೆಲವರು ವಿದೇಶಿ ಕಂಪನಿಗಳ ಗುತ್ತಿಗೆ ಸಂಶೋಧನೆಗೆ.

2022ರಲ್ಲಿ, ಗಿಡದ ಸ್ವಂತ ಡಿಎನ್‌ಎಯನ್ನೇ ತಿದ್ದುವ, ಹೊರಗಿನ ವಂಶವಾಹಿ ಉಳಿಯದ ಜೀನೋಮ್ ತಿದ್ದುಪಡಿಯ ಗಿಡಗಳಿಗೆ ಕೇಂದ್ರ ಕುಲಾಂತರಿ ನಿಯಮಗಳಿಂದ ವಿನಾಯಿತಿ ನೀಡಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳು ಪ್ರಕಟವಾದವು. ಪ್ರಯೋಗಾಲಯಗಳಲ್ಲಿ ಮತ್ತೆ ಉತ್ಸಾಹವಿದೆ. ಇತ್ತ ರೈತ ಸಂಘಟನೆಗಳು ಕೇಳುತ್ತಿರುವುದು, ತಿದ್ದುವ ತಂತ್ರದ ಪೇಟೆಂಟ್ ಯಾರ ಕೈಯಲ್ಲಿದೆ ಎಂದು.