ಫ್ರೆಂಚ್ ವ್ಯಾಕರಣ ಅಡುಗೆಮನೆಯಲ್ಲಿ: ಬೇಕರಿ ಕೌಂಟರ್‌ನಿಂದ ಕ್ರೆಪ್ ಕಾವಲಿಯವರೆಗೆ

ಫ್ರಾನ್ಸ್‌ನ ಯಾವ ಬೇಕರಿಗೆ ಹೋದರೂ ಮೊದಲು ಆಡಬೇಕಾದ ಮಾತು ಬ್ರೆಡ್ಡಿನ ಹೆಸರಲ್ಲ, 'ಬೊಂಜೂರ್' (ನಮಸ್ಕಾರ). ಬಾಗಿಲು ದಾಟಿದ ಕೂಡಲೇ ಕೌಂಟರ್‌ನಲ್ಲಿರುವವರ ಮುಖ ನೋಡಿ 'ಬೊಂಜೂರ್ ಮದಾಮ್' ಅಥವಾ 'ಬೊಂಜೂರ್ ಮಸ್ಯೋ' ಎನ್ನಬೇಕು. ಅದನ್ನು ಬಿಟ್ಟು ನೇರವಾಗಿ 'ಒಂದು ಬಗೆತ್ (ಉದ್ದನೆಯ ಬ್ರೆಡ್) ಕೊಡಿ' ಎಂದರೆ ವ್ಯಾಕರಣ ಎಷ್ಟೇ ಸರಿಯಿದ್ದರೂ ಒರಟಾಗಿ ಕೇಳಿಸುತ್ತದೆ. ಕೆಲವರು ಬ್ರೆಡ್ ಕೊಡುವ ಮೊದಲು ತಾವೇ 'ಬೊಂಜೂರ್' ಎಂದು ಒತ್ತಿ ಹೇಳಿ ನಿಮ್ಮ ಉತ್ತರಕ್ಕೆ ಕಾಯುವುದೂ ಉಂಟು. ನಮ್ಮಲ್ಲಿ 'ಅಣ್ಣಾ, ಅರ್ಧ ಕೆಜಿ ಸಕ್ಕರೆ' ಎಂದಾಗ ಆ 'ಅಣ್ಣಾ'ದಲ್ಲೇ ಮರ್ಯಾದೆ ಬಂದುಬಿಡುತ್ತದೆ. ಅಲ್ಲಿ ಆ ಕೆಲಸ ಮಾಡುವುದು ಬೊಂಜೂರ್ ಮತ್ತು ಕೊನೆಯ 'ಸಿಲ್ ವೂ ಪ್ಲೇ' (ದಯವಿಟ್ಟು).

ಕನ್ನಡ ಮಾತಾಡುವವರು ಫ್ರೆಂಚ್ ಕಲಿಯಲು ಶುರು ಮಾಡಬೇಕಾದದ್ದು ಈ ಕೌಂಟರ್‌ನಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಪಠ್ಯಪುಸ್ತಕದಲ್ಲಿ ಹತ್ತು ಪಾಠಗಳಲ್ಲಿ ಹಂಚಿಹೋಗಿರುವ ಲಿಂಗ, ಆರ್ಟಿಕಲ್, ಸಂಖ್ಯೆ, ಬಹುವಚನದ ಗೌರವ ಎಲ್ಲವೂ ಇಲ್ಲಿ ಒಂದೇ ನಿಮಿಷದ ಮಾತಿನಲ್ಲಿ ಸಿಗುತ್ತವೆ. ಮಾತು ಹೀಗೆ ಸಾಗುತ್ತದೆ: 'ಬೊಂಜೂರ್ ಮದಾಮ್, ಯೂನ್ ತ್ರಾದಿಸ್ಯೋಂ ಸಿಲ್ ವೂ ಪ್ಲೇ, ಪಾ ತ್ರೋ ಕ್ವಿತ್' (ಒಂದು ತ್ರಾದಿಸ್ಯೋಂ ಕೊಡಿ, ಹೆಚ್ಚು ಬೆಂದದ್ದು ಬೇಡ). ಆಕೆ 'ಎ ಅವೆಕ್ ಸಸೀ?' (ಇದರ ಜೊತೆಗೆ?) ಎನ್ನುತ್ತಾರೆ. ನೀವು 'ಸ ಸರಾ ತೂ, ಮೆರ್ಸಿ' (ಅಷ್ಟೇ ಸಾಕು). ಹೊರಡುವಾಗ 'ಬೊನ್ ಜೂರ್ನೇ' (ದಿನ ಚೆನ್ನಾಗಿರಲಿ).

'ತ್ರಾದಿಸ್ಯೋಂ' ಬಗೆತ್‌ನದೇ ಒಂದು ಬಗೆ. 1993ರ ಸೆಪ್ಟೆಂಬರ್ 13ರ ಸರ್ಕಾರಿ ಆದೇಶದ ಪ್ರಕಾರ ಅದರ ಹಿಟ್ಟನ್ನು ಯಾವ ಹಂತದಲ್ಲೂ ಫ್ರೀಜ್ ಮಾಡುವಂತಿಲ್ಲ, ಆಡಿಟಿವ್ ಬೆರೆಸುವಂತಿಲ್ಲ. ಮುಖ್ಯವಾಗಿ ಗೋಧಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಇಲ್ಲವೇ ಹುಳಿಹಿಟ್ಟು, ಅಷ್ಟೇ. 1998ರ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಟ್ಟು ನಾದಿ ಬ್ರೆಡ್ ಬೇಯಿಸುವ ಕೆಲಸ ಅಲ್ಲೇ ನಡೆಯದಿದ್ದರೆ ಬೋರ್ಡಿನ ಮೇಲೆ 'ಬುಲಾಂಜರಿ' (ಬೇಕರಿ) ಎಂದು ಬರೆಯಬಾರದು ಎಂದಿತು. 2022ರಲ್ಲಿ ಬಗೆತ್ ಮಾಡುವ ಕೌಶಲ ಯುನೆಸ್ಕೋ ಪಟ್ಟಿ ಸೇರಿತು.

ಮೇಲಿನ 'ಕ್ವಿತ್' ಪದವನ್ನು ಇನ್ನೊಮ್ಮೆ ನೋಡಿ. ಬಗೆತ್ ಸ್ತ್ರೀಲಿಂಗ, ಆದ್ದರಿಂದ 'ಕ್ವಿತ್', ಕೊನೆಯ ತ್ ಕೇಳಿಸಬೇಕು. 'ಪ್ಯಾಂ', ಅಂದರೆ ಬ್ರೆಡ್, ಪುಲ್ಲಿಂಗ, ಅದಕ್ಕೆ 'ಕ್ವಿ'. ಕನ್ನಡದಲ್ಲಿ ಲಿಂಗ ಅರ್ಥಕ್ಕೆ ಅಂಟಿಕೊಂಡಿದೆ, ಬ್ರೆಡ್ಡೂ ಮೇಜೂ ನಪುಂಸಕ. ಹಾಗಾಗಿ 'ಬ್ರೆಡ್ ಯಾಕೆ ಗಂಡು?' ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೂತರೆ ಸಮಯ ಹಾಳು. ಪದವನ್ನು ಒಂಟಿಯಾಗಿ ಕಲಿಯದೆ ಆರ್ಟಿಕಲ್ ಸಮೇತ ಬಾಯಿಗೆ ಹಾಕಿಕೊಳ್ಳಿ: 'ಯೂನ್ ಬಗೆತ್', 'ಅಂ ಪ್ಯಾಂ'. ಕೊನೆಯ ಧ್ವನಿಯೂ ಸುಳಿವು ಕೊಡುತ್ತದೆ. '-ಎತ್' ಎಂದು ಮುಗಿಯುವ ಬಗೆತ್, ಕುರ್ಜೆತ್ (ಜುಕಿನಿ) ಸ್ತ್ರೀಲಿಂಗ. '-ಆಜ್' ಎಂದು ಮುಗಿಯುವ ಫ್ರೊಮಾಜ್ (ಚೀಸ್), ಪೊತಾಜ್ (ಸೂಪ್) ಪುಲ್ಲಿಂಗ.

ಉಚ್ಚಾರದಲ್ಲಿ ನಮ್ಮವರು ಎಡವುವುದು ಮುಖ್ಯವಾಗಿ ಎರಡು ಕಡೆ. ಬರೆದಂತೆ ಓದುವ ಭಾಷೆ ನಮ್ಮದು, ಹಾಗಾಗಿ ಕೊನೆಯ ಅಕ್ಷರವನ್ನು ನುಂಗಲು ಮನಸ್ಸು ಬರುವುದಿಲ್ಲ. ಇನ್ನೊಂದು, ಅನುಸ್ವಾರ. ಕನ್ನಡದಲ್ಲಿ ಸೊನ್ನೆ ಮುಂದಿನ ವ್ಯಂಜನಕ್ಕೆ ತಕ್ಕಂತೆ ನ್, ಮ್, ಙ್ ಆಗಿ ನಾಲಿಗೆಯನ್ನೋ ತುಟಿಯನ್ನೋ ಮುಚ್ಚಿಸುತ್ತದೆ. ಫ್ರೆಂಚಿನಲ್ಲಿ ಏನೂ ಮುಚ್ಚಬಾರದು, ಸ್ವರವೇ ಮೂಗಿನಿಂದ ಬರಬೇಕು. 'ಅಂ ಬೋಂ ವ್ಯಾಂ ಬ್ಲಾಂ' (ಒಳ್ಳೆಯ ಬಿಳಿ ವೈನ್) ಎಂಬ ನಾಲ್ಕೇ ಪದಗಳಲ್ಲಿ ಫ್ರೆಂಚಿನ ನಾಲ್ಕೂ ಅನುನಾಸಿಕ ಸ್ವರಗಳಿವೆ. ನಾಲಿಗೆಯ ತುದಿಯನ್ನು ಕೆಳಗಿನ ಹಲ್ಲುಗಳ ಹಿಂದೆ ಒತ್ತಿ ಹಿಡಿದು ಹೇಳಿ ನೋಡಿ. ತುದಿ ಮೇಲಕ್ಕೆದ್ದರೆ 'ಬೋನ್' ಆಗಿಬಿಡುತ್ತದೆ. 'ದ್ಯು' ಎಂದು ನಾನು ಬರೆಯುವ ಸ್ವರಕ್ಕೆ ಬಾಯೊಳಗೆ 'ಈ' ಇಟ್ಟುಕೊಂಡು ತುಟಿಯನ್ನು ಮಾತ್ರ 'ಊ'ಗೆ ಗುಂಡಗೆ ಮಾಡಬೇಕು. ಗಂಟಲಿನ 'ರ' ಬರದಿದ್ದರೆ ಚಿಂತೆ ಬೇಡ, ನಮ್ಮ ರಕಾರ ಅಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಈಗ ಒಲೆ ಹಚ್ಚೋಣ. ಫೆಬ್ರವರಿ 2 ಫ್ರಾನ್ಸ್‌ನಲ್ಲಿ 'ಶಾಂದಲರ್', ಮನೆಮನೆಯಲ್ಲೂ ಕ್ರೆಪ್ (ಮೈದಾದ ತೆಳು ದೋಸೆ) ಹಾಕುವ ದಿನ. ಒಂದು ಕೈಯಲ್ಲಿ ನಾಣ್ಯ ಹಿಡಿದು ಇನ್ನೊಂದು ಕೈಯಿಂದ ಕ್ರೆಪ್ ಹಾರಿಸಿ ಮಗುಚಿದರೆ ವರ್ಷವಿಡೀ ಕಾಸು ಕೈಯಲ್ಲಿರುತ್ತದೆ ಎಂಬುದು ನಂಬಿಕೆ. ಅಳತೆ: 250 ಗ್ರಾಂ ಮೈದಾ, 4 ಮೊಟ್ಟೆ, 50 ಸೆಂಟಿಲೀಟರ್ ಹಾಲು, 50 ಗ್ರಾಂ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. ಫ್ರೆಂಚರು ದ್ರವವನ್ನು ಸೆಂಟಿಲೀಟರ್‌ನಲ್ಲಿ ಬರೆಯುತ್ತಾರೆ. 50 ಸೆಂಟಿಲೀಟರ್ ಎಂದರೆ 500 ಮಿಲಿ. ಇದನ್ನು 50 ಮಿಲಿ ಎಂದು ಓದಿದರೆ ಹಿಟ್ಟು ಕಲ್ಲಾಗುತ್ತದೆ. 'ಲವ್ಯೂರ್' ಬಳಸುವ ಬೇರೆ ಪಾಕವಿಧಾನಗಳಲ್ಲಿ ಇನ್ನೊಂದು ಎಚ್ಚರಿಕೆ: 'ಲವ್ಯೂರ್ ಶಿಮೀಕ್' ನಮ್ಮ ಬೇಕಿಂಗ್ ಪೌಡರ್, 'ಲವ್ಯೂರ್ ದ ಬುಲಾಂಜೇ' ಯೀಸ್ಟ್.

ಮೈದಾದ ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ ಕಲಸಿ, ಆಮೇಲೆ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಹಾಲನ್ನೆಲ್ಲ ಒಮ್ಮೆಗೇ ಸುರಿದರೆ ಗಂಟು ಖಂಡಿತ. ಕೊನೆಗೆ ಬೆಣ್ಣೆ ಸೇರಿಸಿ ಒಂದು ಗಂಟೆ ಬಿಡಿ. ಕಲಸುವಾಗ ಬಿಗಿಯಾದ ಗ್ಲೂಟನ್ ಸಡಿಲಾಗಲು ಅಷ್ಟು ಹೊತ್ತು ಬೇಕು, ಇಲ್ಲದಿದ್ದರೆ ಕ್ರೆಪ್ ರಬ್ಬರಿನಂತೆ ಎಳೆಯುತ್ತದೆ. ಹಿಟ್ಟು ನೀರುದೋಸೆ ಹಿಟ್ಟಿಗಿಂತ ತುಸು ದಪ್ಪವಿರಲಿ. ಮೊದಲನೆಯದು ಹರಿದರೆ ಕಾವಲಿ ಇನ್ನೂ ಕಾದಿಲ್ಲವೆಂದು ಅರ್ಥ. ಮಾಡುತ್ತಾ ಮಾಡುತ್ತಾ ಕ್ರಿಯಾಪದಗಳನ್ನು ಜೋರಾಗಿ ಹೇಳಿ: ಮೆಲಾಂಜೇ (ಕಲಸು), ವೆರ್ಸೇ (ಸುರಿ), ಅಜೂತೇ (ಸೇರಿಸು), ಲೆಸೇ ರಪೋಜ಼ೇ (ಹಾಗೇ ಬಿಡು), ರತೂರ್ನೇ (ಮಗುಚು). ಪಾಕವಿಧಾನದಲ್ಲಿ ಇವು ಮೂಲರೂಪದಲ್ಲೇ ಇರುತ್ತವೆ. 'ನೀವು ಸುರಿಯಿರಿ' ಎನ್ನಲು 'ವೆರ್ಸೇ'ಯ ಕಾಗುಣಿತ ಬದಲಾದರೂ ಕಿವಿಗೆ ಒಂದೇ. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಅಸಲು ಪಾಠ ತಿನ್ನುವಾಗ ಶುರು. ಕನ್ನಡದಲ್ಲಿ 'ಬ್ರೆಡ್ ಬೇಕು, ಬ್ರೆಡ್ ಇಷ್ಟ, ಬ್ರೆಡ್ ಇಲ್ಲ, ಒಂದು ತುಂಡು ಬ್ರೆಡ್' ಎಂಬ ನಾಲ್ಕರಲ್ಲೂ 'ಬ್ರೆಡ್' ಕದಲದೆ ನಿಂತಿದೆ. ಫ್ರೆಂಚಿನಲ್ಲಿ ನಾಲ್ಕರ ಪೈಕಿ ಮೊದಲ ಮೂರಕ್ಕೆ ಮೂರು ರೂಪ. ಒಂದಿಷ್ಟು ಬೇಕೆಂದರೆ 'ದ್ಯು ಪ್ಯಾಂ'. ಇಷ್ಟವೆಂದರೆ ಆ ಜಾತಿಯೇ ಇಷ್ಟ, ಆದ್ದರಿಂದ 'ಲ ಪ್ಯಾಂ'. ಇಲ್ಲವೆಂದರೆ 'ಪಾ ದ ಪ್ಯಾಂ'. ಅಳತೆ ಬಂದಾಗಲೂ ಅದೇ 'ದ': 'ಅಂ ಮೊರ್ಸೋ ದ ಪ್ಯಾಂ'. ಹೆಚ್ಚಿನವರು ಮರೆಯುವುದು ಈ ಕೊನೆಯದನ್ನು. 'ಒಂದು ಲೋಟ ನೀರು' ಎನ್ನುವ ನಮಗೆ ನಡುವೆ ಏನೂ ಬೇಕೆನಿಸದು. ಫ್ರೆಂಚಿನಲ್ಲಿ 'ಅಂ ವೆರ್ ದೋ' ('ದ' ಮತ್ತು ನೀರೆಂಬ 'ಓ' ಕೂಡಿ 'ದೋ') ಎನ್ನಲೇಬೇಕು. ಕ್ರೆಪ್ ರಾತ್ರಿಯಲ್ಲಿ ಈ ರೂಪಗಳೆಲ್ಲ ತಾವಾಗಿಯೇ ಬಾಯಿಗೆ ಬರುತ್ತವೆ: 'ಜೆಮ್ ಲೇ ಕ್ರೆಪ್' (ನನಗೆ ಕ್ರೆಪ್ ಇಷ್ಟ), 'ಜ ಮಾಂಜ್ ದೇ ಕ್ರೆಪ್' (ಕ್ರೆಪ್ ತಿನ್ನುತ್ತಿದ್ದೇನೆ), ತಟ್ಟೆ ಖಾಲಿಯಾದಾಗ 'ಇಲ್ ನ್ಯಾ ಪ್ಲ್ಯು ದ ಕ್ರೆಪ್' (ಕ್ರೆಪ್ ಮುಗಿಯಿತು). 'ಜೆಮ್ ದೇ ಕ್ರೆಪ್' ಎಂದು ಬಂದರೆ ಅಲ್ಲೇ ತಿದ್ದಿಕೊಳ್ಳಿ, ಬೇರೂರಿದ ಮೇಲೆ ಬಿಡಿಸುವುದು ಕಷ್ಟ.

ಮೊಟ್ಟೆ ತಿನ್ನದವರು ಫ್ರಾನ್ಸ್‌ನ ಬ್ರಿಟನಿ ಪ್ರದೇಶದ ಕ್ರೆಪ್ ಆದ ಗಾಲೆತ್ ಮಾಡಬಹುದು. ಕುಟ್ಟು (ಬಕ್‌ವೀಟ್) ಹಿಟ್ಟು, ನೀರು, ಉಪ್ಪು ಸಾಕು. ಅದರಲ್ಲಿ ಗ್ಲೂಟನ್ ಇಲ್ಲ, ಹಾಗಾಗಿ ಬೇಗ ಹರಿಯುತ್ತದೆ. ಅಂಚು ಪೂರ್ತಿ ಬಿಡುವ ತನಕ ಕೈ ಹಾಕಬೇಡಿ.

ಜನವರಿ 6ರ ಹಬ್ಬದ 'ಗಾಲೆತ್ ದೇ ರ್ವಾ' ಬೇರೆಯೇ: ಬಾದಾಮಿ ಹೂರಣದ ಪಫ್ ಪೇಸ್ಟ್ರಿ. ದಕ್ಷಿಣ ಫ್ರಾನ್ಸ್‌ನಲ್ಲಿ ಅದರ ಜಾಗದಲ್ಲಿ ಹಣ್ಣಿನ ಬ್ರಿಯೋಶ್. ಒಳಗೆ 'ಫೆವ್' ಅಡಗಿರುತ್ತದೆ. ಹಿಂದೆ ಅದು ನಿಜವಾದ ಕಾಳು, ಈಗ ಪಿಂಗಾಣಿಯ ಪುಟ್ಟ ಗೊಂಬೆ. ಎಲ್ಲರಿಗಿಂತ ಚಿಕ್ಕ ಮಗು ಮೇಜಿನಡಿ ಕೂರುತ್ತದೆ. ಕತ್ತರಿಸುವವರು 'ಸೆಲ್ ಸಿ, ಸೆ ಪೂರ್ ಕಿ?' (ಈ ತುಂಡು ಯಾರಿಗೆ?) ಎಂದು ಕೇಳಿದಾಗ ಅದು 'ಸೆ ಪೂರ್ ಮಾಮಾಂ' ಎಂದು ಹೆಸರು ಹೇಳಬೇಕು. ಫೆವ್ ಸಿಕ್ಕವರಿಗೆ ಕಾಗದದ ಕಿರೀಟ. ತರಗತಿಯಲ್ಲಿ ಆಡಿಸುವುದಾದರೆ ಗೊಂಬೆಯ ಬದಲು ಇಡೀ ಬಾದಾಮಿ ಇಡಿ, ಹಲ್ಲಿಗೆ ಅಪಾಯವಿಲ್ಲ.

ಸಂತೆಗೆ ಹೋದರೆ ಅಳತೆಯ ಪದಗಳು: 'ಯೂನ್ ಲೀವ್ರ್' ಎಂದರೆ ಅರ್ಧ ಕೆಜಿ, 'ಯೂನ್ ಬೊತ್' ಒಂದು ಕಟ್ಟು, 'ಯೂನ್ ಗೂಸ್' ಬೆಳ್ಳುಳ್ಳಿಯ ಒಂದು ಎಸಳು. ಎಲ್ಲದರ ಬೆನ್ನಿಗೂ ಅದೇ 'ದ'. ಹಣ್ಣನ್ನು ಕೇಳದೆ ಒತ್ತಿ ನೋಡಬಾರದು. ಬೆಲೆ ಕೇಳಿಸಿಕೊಳ್ಳುವಾಗ ಬರೆಯಲು ಅವಸರ ಬೇಡ: 'ಸ್ವಾಸಾಂತ್' ಕೇಳಿ 60 ಎಂದು ಬರೆಯುವಷ್ಟರಲ್ಲಿ 'ಕ್ಯಾಂಜ಼್' (15) ಬಂದು ಒಟ್ಟು 75 ಆಗಿರುತ್ತದೆ. ಬೆಂಗಳೂರಿನಲ್ಲಿ ಡೆಲ್ಫ್ ಎ1 ಎಂಬ ಆರಂಭಿಕ ಹಂತದ ಫ್ರೆಂಚ್ ಪರೀಕ್ಷೆಗೆ ಕೂರುವವರಿಗೆ ಇದು ನೇರ ಉಪಯೋಗ. ಮೌಖಿಕದ ಕೊನೆಯ ಭಾಗದಲ್ಲಿ ಪರೀಕ್ಷಕರೇ ಅಂಗಡಿಯವರಾಗಿ ನಿಮ್ಮಿಂದ ಏನಾದರೂ ಕೊಳ್ಳಿಸುತ್ತಾರೆ. ಬೊಂಜೂರ್, ಬೆಲೆ, ಹಣ, ವಿದಾಯ ಎಲ್ಲಕ್ಕೂ ಅಲ್ಲಿ ಬೆಲೆಯಿದೆ.

ಊಟಕ್ಕೆ ಕರೆದಾಗ ಗೊತ್ತಿರಬೇಕಾದ್ದು 'ಮೆರ್ಸಿ'. ಇನ್ನಷ್ಟು ಬಡಿಸಲೇ ಎಂದಾಗ ಬರೀ 'ಮೆರ್ಸಿ' ಎಂದರೆ 'ಬೇಡ' ಎಂದು ತಿಳಿದುಕೊಳ್ಳುತ್ತಾರೆ. ನಮ್ಮ ಹಾಗೆ ಎರಡನೇ ಸಲ ಬಲವಂತ ಮಾಡುವುದಿಲ್ಲ. ಬೇಕಿದ್ದರೆ 'ವುಯಿ, ವೊಲೋಂತಿಯೇ' ಎನ್ನಿ. ಹೊಟ್ಟೆ ತುಂಬಿದಾಗ 'ಜ ನೇ ಪ್ಲ್ಯು ಫ್ಯಾಂ' (ಹಸಿವಿಲ್ಲ). ಹೋಟೆಲಿನಲ್ಲಿ 'ಯೂನ್ ಕರಾಫ್ ದೋ' ಕೇಳಿದರೆ ನಲ್ಲಿ ನೀರು ಬರುತ್ತದೆ, ದುಡ್ಡಿಲ್ಲ.

ಸಸ್ಯಾಹಾರಿಗಳು 'ವೆಜೆತಾರಿಯ್ಯಾಂ' ಎಂದಷ್ಟೇ ಹೇಳಿ ನಿಲ್ಲಬೇಡಿ. ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆಯ ರಸ ಹಾಕುತ್ತಾರೆ, ಕೀಶ್ ಲೊರೆನ್ ಎಂಬ ಮೊಟ್ಟೆಯ ಟಾರ್ಟ್‌ನಲ್ಲಿ ಹಂದಿಯ ತುಣುಕು ಇರುತ್ತದೆ, ಕೆಲವು ಸಿಹಿಗಳಲ್ಲಿ ಪ್ರಾಣಿಮೂಲದ ಜೆಲಟಿನ್. 'ಜ ನ ಮಾಂಜ್ ಪಾ ದ ವಿಯಾಂದ್, ಪಾ ದ ಪ್ವಾಸ್ಸೋಂ' (ಮಾಂಸ ಇಲ್ಲ, ಮೀನೂ ಇಲ್ಲ) ಎಂದು ಬಿಡಿಸಿ ಹೇಳಿ. ಇಲ್ಲಿ ಸಕಾರ ಗಟ್ಟಿಯಿರಲಿ, 'ಪ್ವಾಜ಼ೋಂ' ಎಂದರೆ ವಿಷ. ಆಮೇಲೆ ಖಾದ್ಯದ ಕಡೆ ಬೆರಳು ತೋರಿಸಿ 'ಎಸ್ಕಿಲ್ಯಾ ದ್ಯು ಬುಯೋಂ ದ ವಿಯಾಂದ್ ದದಾಂ?' (ಇದರಲ್ಲಿ ಮಾಂಸದ ರಸವಿದೆಯೇ?), 'ದ ಲಾ ಜೆಲಾತೀನ್?' ಎಂದು ಕೇಳಿ. ಕಾಮಾಂಬೆರ್, ಕೊಂತೆಯಂಥ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ 'ಪ್ರೆಜ಼್ಯೂರ್' ಬಳಸುತ್ತಾರೆ. ಅದು ಬೇಡವೆನ್ನುವವರು ಚೀಸ್ ಅಂಗಡಿಯಲ್ಲಿ 'ಸಾಂ ಪ್ರೆಜ಼್ಯೂರ್ ಅನಿಮಾಲ್' ಇರುವುದನ್ನು ಕೇಳಿ ಕೊಳ್ಳಬೇಕು.